ಐಚ್ಛಿಕ ಚಲನೆ ಮತ್ತು ಮೆದುಳಿನ ಚಾಲಕ ತೊಗಟೆ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಚಲನವಲನ ವೈಕಲ್ಯದ ಪ್ರಮಾಣಪತ್ರ, ಮಾಸಾಶನ, ಸಾಧನ ಸಲಕರಣೆ ಮುಂತಾದ ಸೌಲಭ್ಯಗಳನ್ನು ಕೋರಿ ಅರ್ಜಿ ಸಲ್ಲಿಸುವವರಲ್ಲಿ ಸ್ಥೂಲವಾಗಿ ಎರಡು ವರ್ಗದವರಿರುತ್ತಾರೆ. ಮೊದಲನೆಯ ವರ್ಗದವರಿಗೆ ಕೈ ಅಥವಾ ಕಾಲಿನಲ್ಲಿಯೇ ದೋಷವಿದ್ದು, ಅದು ನೋಡಿದವರ ಕಣ್ಣಿಗೆ ಕಾಣುತ್ತದೆ. ಎರಡನೆಯ ವರ್ಗದವರಲ್ಲಿ ಮೂಳೆ, ಕೀಲು, ಸ್ನಾಯು ಎಲ್ಲವೂ ಸುಸ್ಥಿತಿಯಲ್ಲಿದ್ದು, ಅವುಗಳಿಗೆ ಚಲಿಸುವಂತೆ ಆದೇಶ ನೀಡಬೇಕಾದ ಮೆದುಳಿನ ಭಾಗವು ಹಾನಿಗೊಳಗಾಗಿರುತ್ತದೆ. ಪಾರ್ಶ್ವವಾಯುವಿಗೆ ಒಳಗಾದವರು, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು ಹಾಗೂ ತಲೆಗೆ ತೀವ್ರ ಪೆಟ್ಟು ಬಿದ್ದವರಲ್ಲಿ ಅನೇಕರು ಈ ಎರಡನೆಯ ವರ್ಗಕ್ಕೆ ಸೇರುತ್ತಾರೆ.

ಇಂತಹವರಿಗೆ ಮನೆಯವರಿಂದಲೂ, ಕೆಲವೊಮ್ಮೆ ಕಚೇರಿಗಳಲ್ಲಿಯೂ ಎದುರಾಗುವ ಮಾತು ಒಂದೇ: ಕೈ ಚೆನ್ನಾಗಿಯೇ ಇದೆಯಲ್ಲ, ಮನಸ್ಸು ಮಾಡಿದರೆ ಎತ್ತಬಹುದಲ್ಲ ಎಂಬುದು. ಮನಸ್ಸು ಮಾಡಿದ ಮಾತ್ರಕ್ಕೆ ಕೈ ಏಳುವುದು ಹೇಗೆ, ಎಷ್ಟು ಮನಸ್ಸು ಮಾಡಿದರೂ ಏಳದಿರುವುದು ಏಕೆ ಎಂಬುದನ್ನು ಅರ್ಜಿದಾರರು ಹಾಗೂ ಅವರ ಪೋಷಕರು ತಿಳಿದಿರುವುದು ಅವಶ್ಯಕವಾದ ಕಾರಣ ಈ ಮಾಹಿತಿಯನ್ನು ಒದಗಿಸಲಾಗಿದೆ. 2011ರ ಜನಗಣತಿಯಂತೆ ದೇಶದಲ್ಲಿ ಸುಮಾರು 2.68 ಕೋಟಿ ವಿಕಲಚೇತನರಿದ್ದು, ಅವರಲ್ಲಿ ಸುಮಾರು 54 ಲಕ್ಷ ಮಂದಿ ಚಲನವಲನ ವೈಕಲ್ಯವುಳ್ಳವರು. ಕರ್ನಾಟಕದಲ್ಲಿ ಎಲ್ಲ ಬಗೆಯ ವಿಕಲಚೇತನರ ಸಂಖ್ಯೆ ಅಂದು ಸುಮಾರು 13.24 ಲಕ್ಷವಿತ್ತು.

ಐಚ್ಛಿಕ ಚಲನೆ ಎಂದರೇನು

ದೇಹದ ಚಲನೆಗಳೆಲ್ಲವೂ ಒಂದೇ ಬಗೆಯವಲ್ಲ. ಹೃದಯದ ಬಡಿತ, ಕರುಳಿನ ಚಲನೆ ಇವು ನಮ್ಮ ಇಚ್ಛೆಯ ಅಧೀನದಲ್ಲಿಲ್ಲ. ಒಲೆಯ ಮೇಲಿನ ಬಿಸಿ ಪಾತ್ರೆಗೆ ಕೈ ತಗುಲಿದೊಡನೆ ಕೈ ಹಿಂದಕ್ಕೆ ಸರಿಯುತ್ತದೆ. ಇದು ಪರಾವರ್ತಿತ ಪ್ರತಿಕ್ರಿಯೆ. ಇದರ ನಿರ್ಣಯ ಮೆದುಳುಬಳ್ಳಿಯ ಮಟ್ಟದಲ್ಲಿಯೇ ಆಗುತ್ತದೆ. ನೋವಿನ ಅರಿವು ಮೆದುಳಿಗೆ ತಲುಪುವ ಮೊದಲೇ ಕೈ ಸರಿದಿರುತ್ತದೆ. ಆದರೆ ಅದೇ ಬಿಸಿ ಪಾತ್ರೆಯಲ್ಲಿ ಮಗುವಿಗೆಂದು ಕಾಯಿಸಿದ ಹಾಲಿದ್ದು, ಅದನ್ನು ಚೆಲ್ಲದೆ ಕೆಳಗಿಡಬೇಕೆಂದು ತಾಯಿ ನಿರ್ಧರಿಸಿದಲ್ಲಿ, ಕೈ ಸುಡುತ್ತಿದ್ದರೂ ಆಕೆ ಪಾತ್ರೆಯನ್ನು ಹಿಡಿದಿರಬಲ್ಲಳು. ಈ ಹಿಡಿತವು ಐಚ್ಛಿಕ ಚಲನೆಗೆ ಉದಾಹರಣೆಯಾಗಿದ್ದು, ಮೇಲಿನಿಂದ ಬಂದ ಆದೇಶವು ಕೆಳಗಿನ ಮಟ್ಟದ ಪ್ರತಿಕ್ರಿಯೆಯನ್ನು ತಡೆಹಿಡಿಯಬಲ್ಲದೆಂಬುದನ್ನು ತೋರಿಸುತ್ತದೆ.

ಕೆಲವು ಕ್ರಿಯೆಗಳು ಎರಡೂ ಕಡೆಗೆ ಸೇರುತ್ತವೆ. ಉಸಿರಾಟವು ತಾನಾಗಿಯೇ ನಡೆಯುತ್ತದೆ, ಆದರೆ ಬೇಕೆಂದಾಗ ಸ್ವಲ್ಪ ಹೊತ್ತು ಬಿಗಿಹಿಡಿಯಬಹುದು. ತುತ್ತನ್ನು ನುಂಗಲು ಆರಂಭಿಸುವುದು ನಮ್ಮ ಇಚ್ಛೆ, ಅದು ಗಂಟಲನ್ನು ದಾಟಿದ ನಂತರ ನಮ್ಮ ಕೈಯಲ್ಲಿಲ್ಲ.

ಚಾಲಕ ತೊಗಟೆಯ ಸ್ಥಾನ

ಮಹಾಮಸ್ತಿಷ್ಕದ ಹೊರಪದರವನ್ನು ತೊಗಟೆ ಅಥವಾ ಕಾರ್ಟೆಕ್ಸ್ ಎಂದು ಕರೆಯಲಾಗುತ್ತದೆ. ಇದು 2ರಿಂದ 4 ಮಿಲಿಮೀಟರ್ ದಪ್ಪವಿದ್ದು, ಮಡಿಕೆ ಮಡಿಕೆಯಾಗಿ ತಲೆಬುರುಡೆಯೊಳಗೆ ಅಡಕವಾಗಿದೆ. ಮಾನವನ ಮೆದುಳಿನಲ್ಲಿರುವ ಸುಮಾರು 8,600 ಕೋಟಿ ನರಕೋಶಗಳ ಪೈಕಿ ಸುಮಾರು 1,600 ಕೋಟಿ ಈ ಹೊರಪದರದಲ್ಲಿವೆ. ತಲೆಯ ಎರಡೂ ಪಾರ್ಶ್ವಗಳಲ್ಲಿ, ನಡುನೆತ್ತಿಯಿಂದ ಕಿವಿಯ ಕಡೆಗೆ ಇಳಿಯುವ ಆಳವಾದ ಒಂದು ಸೀಳು ಇದೆ. ಈ ನಡುಸೀಳಿನ ಮುಂಬದಿಯಲ್ಲಿರುವ ಪಟ್ಟಿಯಂತಹ ಮಡಿಕೆಯೇ ಪ್ರಾಥಮಿಕ ಚಾಲಕ ತೊಗಟೆ, ಅಂದರೆ ವೈದ್ಯರು ಮೋಟಾರ್ ಕಾರ್ಟೆಕ್ಸ್ ಎಂದು ಕರೆಯುವ ಭಾಗ. ಸೀಳಿನ ಹಿಂಬದಿಯ ಮಡಿಕೆಯು ಸ್ಪರ್ಶಜ್ಞಾನಕ್ಕೆ ಸಂಬಂಧಿಸಿದ್ದು. ಆದೇಶ ಹೊರಡುವ ಮೇಜು ಮತ್ತು ವರದಿ ಬಂದು ಸೇರುವ ಮೇಜು ಹೀಗೆ ಅಕ್ಕಪಕ್ಕದಲ್ಲಿಯೇ ಇವೆ.

ಚಾಲಕ ತೊಗಟೆಯ ಐದನೆಯ ಸ್ತರದಲ್ಲಿ ಪಿರಮಿಡ್ ಆಕಾರದ ಬಹುದೊಡ್ಡ ನರಕೋಶಗಳಿವೆ. ಕೀವ್ ನಗರದ ಅಂಗರಚನಾ ತಜ್ಞರಾದ ವ್ಲಾದಿಮಿರ್ ಬೆಟ್ಸ್ ಅವರು 1874ರಲ್ಲಿ ಇವುಗಳನ್ನು ವರ್ಣಿಸಿದ ಕಾರಣ ಇವುಗಳಿಗೆ ಬೆಟ್ಸ್ ಕೋಶಗಳೆಂದು ಹೆಸರು ಬಂದಿದೆ. ಮೆದುಳಿನಿಂದ ಮೆದುಳುಬಳ್ಳಿಗೆ ಇಳಿಯುವ ತಂತುಗಳೆಲ್ಲವೂ ಈ ಕೋಶಗಳವೇ ಎಂಬ ಭಾವನೆ ಹಿಂದೆ ಇತ್ತು. ವಾಸ್ತವವಾಗಿ ಆ ತಂತುಗಳಲ್ಲಿ ಇವುಗಳ ಪಾಲು ಶೇ. 3ರಷ್ಟು ಮಾತ್ರ. ಉಳಿದವು ಇದೇ ಪಟ್ಟಿಯ ಸಣ್ಣ ಕೋಶಗಳಿಂದಲೂ, ಅದರ ಮುಂದಿನ ಹಾಗೂ ಹಿಂದಿನ ಭಾಗಗಳಿಂದಲೂ ಹೊರಡುತ್ತವೆ.

ಈ ಜ್ಞಾನ ದೊರೆತ ಬಗೆ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೂ ಮೆದುಳಿನ ಹೊರಪದರಕ್ಕೂ ಸ್ನಾಯುಗಳ ಚಲನೆಗೂ ಸಂಬಂಧವಿಲ್ಲವೆಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯವಾಗಿತ್ತು. ಲಂಡನ್ನಿನ ವೈದ್ಯರಾದ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಅವರು ಮೂರ್ಛೆರೋಗಿಗಳನ್ನು ಸೂಕ್ಷ್ಮವಾಗಿ ಗಮನಿಸಿ, ಕೆಲವರಲ್ಲಿ ಸೆಳೆತವು ಹೆಬ್ಬೆರಳಿನಲ್ಲಿ ಆರಂಭವಾಗಿ ಕೈ, ತೋಳು, ಮುಖ ಎಂದು ಒಂದು ಕ್ರಮದಲ್ಲಿ ಹರಡುತ್ತದೆಂಬುದನ್ನು ಗುರುತಿಸಿದರು. ಅಂಗಾಂಗಗಳು ಮೆದುಳಿನಲ್ಲಿಯೂ ಒಂದು ಕ್ರಮದಲ್ಲಿ ನಿರೂಪಿತವಾಗಿರಲೇಬೇಕೆಂದು ಅವರು ತರ್ಕಿಸಿದರು. ತಲೆಬುರುಡೆ ತೆರೆಯದೆ, ಯಾವ ಉಪಕರಣವೂ ಇಲ್ಲದೆ, ರೋಗಿಯನ್ನು ನೋಡುತ್ತ ಕುಳಿತು ಮಾಡಿದ ಈ ಊಹೆಯು ನಂತರದ ದಿನಗಳಲ್ಲಿ ನಿಜವೆಂದು ಸಾಬೀತಾಯಿತು.

1870ರಲ್ಲಿ ಬರ್ಲಿನ್ನಿನ ಗುಸ್ಟಾವ್ ಫ್ರಿಚ್ ಮತ್ತು ಎಡ್ವರ್ಡ್ ಹಿಟ್ಸಿಗ್ ಎಂಬ ಇಬ್ಬರು ವೈದ್ಯರು ನಾಯಿಯ ಮೆದುಳಿನ ಮುಂಭಾಗದ ಒಂದು ನಿರ್ದಿಷ್ಟ ಪ್ರದೇಶಕ್ಕೆ ಸೌಮ್ಯವಾದ ವಿದ್ಯುತ್ತನ್ನು ಹರಿಸಿದಾಗ ಎದುರು ಪಾರ್ಶ್ವದ ಕಾಲು ಚಲಿಸುವುದನ್ನು ಕಂಡರು. ಪ್ರಯೋಗಶಾಲೆಯ ಅನುಕೂಲವಿಲ್ಲದ ಕಾರಣ ಈ ಪ್ರಯೋಗಗಳನ್ನು ಹಿಟ್ಸಿಗ್ ಅವರ ಮನೆಯಲ್ಲಿಯೇ ನಡೆಸಲಾಯಿತು. ಇದನ್ನು ಮುಂದುವರಿಸಿದ ಡೇವಿಡ್ ಫೆರಿಯರ್ ಅವರು ಮಂಗಗಳಲ್ಲಿ ಹೆಚ್ಚು ವಿವರವಾದ ನಕಾಶೆಯನ್ನು ಸಿದ್ಧಪಡಿಸಿದರು. 1881ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ, ಒಂದು ಪಾರ್ಶ್ವದ ಚಾಲಕ ತೊಗಟೆಯನ್ನು ತೆಗೆದಿದ್ದ ಮಂಗವೊಂದನ್ನು ಅವರು ಪ್ರದರ್ಶಿಸಿದರು. ಅದು ಕಾಲೆಳೆಯುತ್ತ ಒಳಬಂದುದನ್ನು ಕಂಡು ಪ್ಯಾರಿಸ್ಸಿನ ಪ್ರಖ್ಯಾತ ನರರೋಗ ತಜ್ಞ ಶಾರ್ಕೋ ಅವರು, ಇದು ರೋಗಿಯೇ ಸರಿ ಎಂದು ಉದ್ಗರಿಸಿದರೆಂದು ದಾಖಲಾಗಿದೆ. ಪಾರ್ಶ್ವವಾಯು ಪೀಡಿತ ಮನುಷ್ಯನ ನಡಿಗೆಗೂ ಅದಕ್ಕೂ ಅಷ್ಟು ಹೋಲಿಕೆಯಿತ್ತು.

ಮನುಷ್ಯರ ನಕಾಶೆಯನ್ನು ವಿಸ್ತೃತವಾಗಿ ರಚಿಸಿದ ಕೀರ್ತಿ ಕೆನಡಾದ ಮಾಂಟ್ರಿಯಲ್ ನಗರದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಅವರಿಗೆ ಸಲ್ಲುತ್ತದೆ. ಮೂರ್ಛೆರೋಗದ ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ, ರೋಗಿಯು ಎಚ್ಚರದಿಂದಿರುವಾಗಲೇ, ತೊಗಟೆಯ ಒಂದೊಂದು ಬಿಂದುವನ್ನು ವಿದ್ಯುತ್ತಿನಿಂದ ಪ್ರಚೋದಿಸಿ ಯಾವ ಅಂಗ ಚಲಿಸುತ್ತದೆಂದು ಅವರು ಗುರುತು ಹಾಕಿಕೊಂಡರು. 1937ರಲ್ಲಿ ಈ ಕುರಿತ ವರದಿ ಪ್ರಕಟವಾಯಿತು. ಅದರಂತೆ ನಕಾಶೆಯಲ್ಲಿ ದೇಹವು ತಲೆಕೆಳಗಾಗಿದೆ: ಪಾದ ಮತ್ತು ಕಾಲು ನೆತ್ತಿಯ ಬಳಿ, ಎರಡು ಅರ್ಧಗೋಳಗಳ ನಡುವಿನ ಒಳಭಾಗದಲ್ಲಿವೆ, ನಂತರ ಮುಂಡ, ತೋಳು, ಕೈ, ಎಲ್ಲಕ್ಕಿಂತ ಕೆಳಗೆ ಮುಖ, ತುಟಿ, ನಾಲಿಗೆ. ಜಾಗದ ಹಂಚಿಕೆ ಅಂಗದ ಗಾತ್ರಕ್ಕೆ ಅನುಗುಣವಾಗಿಲ್ಲ, ಅದು ಮಾಡುವ ಕೆಲಸದ ನಯಕ್ಕೆ ಅನುಗುಣವಾಗಿದೆ. ಅಗಲವಾದ ಬೆನ್ನಿಗೆ ಕಿರಿದಾದ ಜಾಗವಿದ್ದು, ಹೆಬ್ಬೆರಳು ಹಾಗೂ ತುಟಿಗಳಿಗೆ ವಿಶಾಲವಾದ ಜಾಗ ದೊರೆತಿದೆ. ಪಾರ್ಶ್ವವಾಯುವಿನ ನಂತರ ಕಾಲು ಸ್ವಲ್ಪ ಮಟ್ಟಿಗೆ ಚೇತರಿಸಿಕೊಂಡು ಮನುಷ್ಯ ನಡೆದಾಡತೊಡಗಿದರೂ, ಗುಂಡಿ ಹಾಕಿಕೊಳ್ಳುವ, ಸೂಜಿಗೆ ದಾರ ಪೋಣಿಸುವ ಬೆರಳುಗಳು ಹಿಂದುಳಿಯುವುದಕ್ಕೆ ಇದೂ ಒಂದು ಕಾರಣ.

ಪೆನ್‌ಫೀಲ್ಡ್ ಅವರು ದಾಖಲಿಸಿರುವ ಮತ್ತೊಂದು ಸಂಗತಿ ವಿಶೇಷವಾಗಿ ಗಮನಾರ್ಹ. ಪ್ರಚೋದನೆಯಿಂದ ಕೈ ಎದ್ದಾಗ, ಅದನ್ನು ಎತ್ತಿದ್ದು ತಾನಲ್ಲ, ವೈದ್ಯರೇ ಎತ್ತಿಸಿದ್ದು ಎಂದು ರೋಗಿಗಳು ಹೇಳುತ್ತಿದ್ದರು. ಅಂದರೆ ಚಾಲಕ ತೊಗಟೆಯು ಚಲನೆಯ ಆದೇಶವನ್ನು ಹೊರಡಿಸುತ್ತದೆ; ಇಚ್ಛೆಯ ಭಾವ ಹುಟ್ಟುವುದು ಅಲ್ಲಿಯಲ್ಲ. 2009ರಲ್ಲಿ ಫ್ರಾನ್ಸಿನ ತಜ್ಞರು ಇದಕ್ಕೆ ಪೂರಕವಾದ ಫಲಿತಾಂಶವನ್ನು ಪ್ರಕಟಿಸಿದರು. ಮೆದುಳಿನ ಹಿಂಬದಿಯ ಪಾರ್ಶ್ವಭಾಗವನ್ನು ಪ್ರಚೋದಿಸಿದಾಗ ರೋಗಿಗಳಿಗೆ ಕೈ ಅಥವಾ ತುಟಿ ಅಲುಗಿಸಬೇಕೆಂಬ ಬಯಕೆ ಉಂಟಾಯಿತು. ಪ್ರಚೋದನೆ ಹೆಚ್ಚಿಸಿದಾಗ, ಅಲುಗಿಸಿಯೇಬಿಟ್ಟೆವೆಂದೂ ಅವರಿಗೆ ಅನ್ನಿಸಿತು, ಸ್ನಾಯುಗಳು ಮಾತ್ರ ಅಲುಗಿರಲಿಲ್ಲ. ಇಚ್ಛೆ ಒಂದೆಡೆ, ಆದೇಶ ಮತ್ತೊಂದೆಡೆ. ಪಾರ್ಶ್ವವಾಯು ಪೀಡಿತರಲ್ಲಿ ಸಾಮಾನ್ಯವಾಗಿ ಇಚ್ಛೆಗೆ ಕೊರತೆ ಇರುವುದಿಲ್ಲ, ಆದೇಶ ಹೊರಡುವ ಅಥವಾ ತಲುಪುವ ದಾರಿ ಮುಚ್ಚಿರುತ್ತದೆ.

ಪೆನ್‌ಫೀಲ್ಡ್ ನಕಾಶೆಯು ಇಂದಿಗೂ ಬಳಕೆಯಲ್ಲಿದ್ದರೂ ಅದು ಅಂತಿಮವಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪಾದ, ಕೈ ಮತ್ತು ಬಾಯಿಗೆ ಮೀಸಲಾದ ಪ್ರದೇಶಗಳ ನಡುನಡುವೆ ಬೇರೆಯೇ ಬಗೆಯ ಮೂರು ತಾಣಗಳಿವೆ. ಇವು ಯಾವುದೇ ಒಂದು ಅಂಗಕ್ಕೆ ಸೇರದೆ, ಇಡೀ ದೇಹದ ಕ್ರಿಯೆಯನ್ನು ಯೋಜಿಸುವ ಹಾಗೂ ಎಚ್ಚರ, ರಕ್ತದೊತ್ತಡಗಳಿಗೆ ಸಂಬಂಧಿಸಿದ ಮೆದುಳಿನ ಭಾಗಗಳೊಡನೆ ಸಂಪರ್ಕ ಹೊಂದಿವೆ.

ಆದೇಶದ ಸಿದ್ಧತೆ

ಮೇಜಿನ ಮೇಲಿನ ಲೋಟವನ್ನು ಎತ್ತಿಕೊಳ್ಳುವುದು ಸರಳ ಕೆಲಸವೆಂದು ತೋರಿದರೂ, ಅದಕ್ಕೆ ಮುನ್ನ ನಡೆಯುವ ಸಿದ್ಧತೆ ಸಣ್ಣದಲ್ಲ. ಲೋಟ ಎಲ್ಲಿದೆ, ಕೈ ಎಲ್ಲಿದೆ ಎಂಬ ಲೆಕ್ಕವನ್ನು ಮೆದುಳಿನ ಹಿಂಬದಿಯ ಪಾರ್ಶ್ವಭಾಗಗಳು ಒದಗಿಸುತ್ತವೆ. ಪ್ರಾಥಮಿಕ ಚಾಲಕ ತೊಗಟೆಯ ಮುಂದಿರುವ ಪೂರ್ವಚಾಲಕ ಪ್ರದೇಶವು ಕಣ್ಣಿಗೆ ಕಂಡ ವಸ್ತುವಿಗೆ ತಕ್ಕಂತೆ ಬೆರಳುಗಳನ್ನು ಹೇಗೆ ಅಗಲಿಸಬೇಕೆಂಬುದನ್ನು ಅಣಿಗೊಳಿಸುತ್ತದೆ. ಅದರ ಪಕ್ಕದ ಪೂರಕ ಚಾಲಕ ಪ್ರದೇಶವು ಒಂದರ ನಂತರ ಒಂದು ಬರಬೇಕಾದ ಚಲನೆಗಳ ಅನುಕ್ರಮವನ್ನು ಹಾಗೂ ಎರಡೂ ಕೈಗಳ ಹೊಂದಾಣಿಕೆಯನ್ನು ನೋಡಿಕೊಳ್ಳುತ್ತದೆ. 1965ರಲ್ಲಿ ಜರ್ಮನಿಯ ಕಾರ್ನ್‌ಹ್ಯೂಬರ್ ಮತ್ತು ಡೀಕೆ ಅವರು, ಮನುಷ್ಯ ತಾನಾಗಿ ಬೆರಳನ್ನು ಅಲುಗಿಸುವುದಕ್ಕೆ ಸುಮಾರು ಒಂದು ಸೆಕೆಂಡು ಅಥವಾ ಅದಕ್ಕೂ ಮೊದಲೇ ನೆತ್ತಿಯ ಮೇಲೆ ಅಳೆಯಬಹುದಾದ ವಿದ್ಯುತ್ ಬದಲಾವಣೆ ಆರಂಭವಾಗುವುದನ್ನು ತೋರಿಸಿದರು.

ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಕೋಶಸಮೂಹಗಳು ಹಲವು ಸಾಧ್ಯ ಚಲನೆಗಳಲ್ಲಿ ಬೇಕಾದುದಕ್ಕೆ ಅನುಮತಿ ನೀಡಿ ಬೇಡವಾದುದನ್ನು ತಡೆಯುತ್ತವೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಕೊರತೆಯಿಂದ ಈ ಅನುಮತಿ ದೊರೆಯುವುದು ತಡವಾಗುತ್ತದೆ. ರೋಗಿಗೆ ಬಲವಿದ್ದರೂ ಮೊದಲ ಹೆಜ್ಜೆ ಏಳುವುದಿಲ್ಲ. ಅನುಮಸ್ತಿಷ್ಕವು ಉದ್ದೇಶಿತ ಚಲನೆಗೂ ನಡೆಯುತ್ತಿರುವ ಚಲನೆಗೂ ಇರುವ ವ್ಯತ್ಯಾಸವನ್ನು ಕಂಡುಹಿಡಿದು ತಿದ್ದುಪಡಿ ಸೂಚಿಸುತ್ತದೆ. ಅದು ಕೆಟ್ಟಲ್ಲಿ ಕೈಗೆ ಬಲವಿದ್ದರೂ ಗುರಿ ತಪ್ಪುತ್ತದೆ. ವೈದ್ಯರು ತಮ್ಮ ಬೆರಳನ್ನೂ ರೋಗಿಯ ಮೂಗನ್ನೂ ಸರದಿಯಂತೆ ಮುಟ್ಟಲು ಹೇಳುವುದು ಇದನ್ನು ಪರೀಕ್ಷಿಸಲೆಂದೇ.

ಕಚೇರಿಯ ಕಡತಕ್ಕೆ ಹೋಲಿಸುವುದಾದರೆ, ಪೂರ್ವಚಾಲಕ ಪ್ರದೇಶದಲ್ಲಿ ಕರಡು ಸಿದ್ಧವಾಗುತ್ತದೆ, ಬೇಸಲ್ ಗ್ಯಾಂಗ್ಲಿಯಾದಲ್ಲಿ ಅನುಮೋದನೆ ದೊರೆಯುತ್ತದೆ, ಅನುಮಸ್ತಿಷ್ಕದಲ್ಲಿ ಲೆಕ್ಕಪರಿಶೋಧನೆ ನಡೆಯುತ್ತದೆ, ಚಾಲಕ ತೊಗಟೆಯಿಂದ ಆದೇಶ ಹೊರಡುತ್ತದೆ. ಆದರೆ ಈ ಹೋಲಿಕೆಗೆ ಮಿತಿಯಿದೆ. ಕಡತವು ಒಂದು ಮೇಜಿನಿಂದ ಮತ್ತೊಂದು ಮೇಜಿಗೆ ಸಾಗಲು ಸಮಯ ಬೇಕು. ಮೆದುಳಿನಲ್ಲಿ ಈ ಎಲ್ಲ ಮೇಜುಗಳಲ್ಲಿಯೂ ಏಕಕಾಲಕ್ಕೆ ಕೆಲಸ ನಡೆಯುತ್ತದೆ ಹಾಗೂ ಲೆಕ್ಕಪರಿಶೋಧನೆಯು ವೆಚ್ಚವಾಗುತ್ತಿರುವಾಗಲೇ ನಡೆಯುತ್ತದೆ.

ಆದೇಶವು ಪ್ರತಿಯೊಂದು ಸ್ನಾಯುವಿನ ಹೆಸರಿಗೆ ಬರೆದ ಪತ್ರದಂತಿರುವುದಿಲ್ಲ ಎಂಬುದೂ ತಿಳಿದುಬಂದಿದೆ. 1980ರ ದಶಕದಲ್ಲಿ ಜಾರ್ಗೋಪೌಲೋಸ್ ಮತ್ತು ಸಹೋದ್ಯೋಗಿಗಳು ಮಂಗಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಚಾಲಕ ತೊಗಟೆಯ ಒಂದೊಂದು ಕೋಶವೂ ಕೈ ಚಾಚುವ ಯಾವುದೋ ಒಂದು ದಿಕ್ಕಿಗೆ ಹೆಚ್ಚು ಒಲವು ತೋರುತ್ತದೆಂದೂ, ನೂರಾರು ಕೋಶಗಳ ಒಲವನ್ನು ಒಟ್ಟು ಸೇರಿಸಿದಾಗ ಕೈ ಚಲಿಸುವ ದಿಕ್ಕು ದೊರೆಯುತ್ತದೆಂದೂ ಕಂಡುಬಂದಿತು. ಇದಕ್ಕೆ ಹತ್ತಿರದ ನಿದರ್ಶನ ಸಹಿ. ಕಾಗದದ ಮೇಲೆ ಬೆರಳುಗಳನ್ನು ಆಡಿಸಿ ಹಾಕಿದ ಸಹಿಯೂ, ಕಪ್ಪು ಹಲಗೆಯ ಮೇಲೆ ಭುಜವನ್ನು ಆಡಿಸಿ ದೊಡ್ಡದಾಗಿ ಬರೆದ ಸಹಿಯೂ ಬೇರೆ ಬೇರೆ ಸ್ನಾಯುಗಳ ಕೆಲಸವಾಗಿದ್ದರೂ ನೋಡಿದೊಡನೆ ಒಬ್ಬನದೇ ಎಂದು ತಿಳಿಯುತ್ತದೆ. ಬರಹದ ವಿನ್ಯಾಸವು ಬೆರಳುಗಳಲ್ಲಿಲ್ಲ.

ಆದೇಶ ಸಾಗುವ ಮಾರ್ಗ

ತೊಗಟೆಯಿಂದ ಹೊರಟ ತಂತುಗಳು ಒತ್ತಾಗಿ ಸೇರಿ ಮೆದುಳಿನ ಕಾಂಡಕ್ಕೆ ಇಳಿಯುತ್ತವೆ. ಪ್ರತಿ ಪಾರ್ಶ್ವದಲ್ಲಿ ಇವುಗಳ ಸಂಖ್ಯೆ ಸುಮಾರು ಹತ್ತು ಲಕ್ಷ. ಮೆದುಳುಬಳ್ಳಿ ಆರಂಭವಾಗುವ ಸ್ಥಳಕ್ಕೆ ಸ್ವಲ್ಪ ಮೇಲೆ, ಮೆಡುಲ್ಲಾದಲ್ಲಿ, ಇವುಗಳಲ್ಲಿ ಶೇ. 85ರಿಂದ 90ರಷ್ಟು ಎದುರು ಪಾರ್ಶ್ವಕ್ಕೆ ದಾಟುತ್ತವೆ. ಈ ಕಾರಣದಿಂದಲೇ ಮೆದುಳಿನ ಎಡಭಾಗಕ್ಕೆ ಪೆಟ್ಟಾದಲ್ಲಿ ಬಲಗೈ, ಬಲಗಾಲು ಸ್ವಾಧೀನ ತಪ್ಪುತ್ತವೆ. ಬಹುಪಾಲು ಜನರಲ್ಲಿ ಮಾತಿನ ಕೇಂದ್ರಗಳು ಎಡಭಾಗದಲ್ಲಿಯೇ ಇರುವುದರಿಂದ ಬಲಪಾರ್ಶ್ವ ಬಿದ್ದವರಲ್ಲಿ ಹಲವರಿಗೆ ಮಾತೂ ನಿಲ್ಲುತ್ತದೆ. ಮಾತು ಹೊರಡದಿದ್ದ ಮಾತ್ರಕ್ಕೆ ಅವರಿಗೆ ಅರ್ಥವಾಗುತ್ತಿಲ್ಲವೆಂದು ಭಾವಿಸಿ, ಅವರ ಎದುರಿನಲ್ಲಿಯೇ ಅವರ ಬಗ್ಗೆ ಮೂರನೆಯವರಂತೆ ಮಾತನಾಡುವುದು ಸರಿಯಲ್ಲ.

ಮೆದುಳುಬಳ್ಳಿಯಲ್ಲಿ ಈ ತಂತುಗಳು ಎರಡನೆಯ ಹಂತದ ನರಕೋಶಗಳನ್ನು ನೇರವಾಗಿ ಅಥವಾ ಮಧ್ಯವರ್ತಿ ಕೋಶಗಳ ಮೂಲಕ ತಲುಪುತ್ತವೆ. ಎರಡನೆಯ ಹಂತದ ಕೋಶದಿಂದ ಹೊರಡುವ ನರವು ಸ್ನಾಯುವಿನವರೆಗೆ ಸಾಗಿ, ಅಲ್ಲಿ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತದೆ; ಸ್ನಾಯು ಸಂಕುಚಿತಗೊಳ್ಳುತ್ತದೆ. ಕಣ್ಣನ್ನು ಹೊರಳಿಸುವ ಸ್ನಾಯುಗಳಲ್ಲಿ ಒಂದು ನರಕೋಶದ ಅಧೀನದಲ್ಲಿ ಸುಮಾರು ಹತ್ತು ಎಳೆಗಳಿದ್ದರೆ, ಮೀನಖಂಡದ ಸ್ನಾಯುವಿನಲ್ಲಿ ಸಾವಿರಕ್ಕೂ ಹೆಚ್ಚಿರುತ್ತವೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು, ತಲೆಬುರುಡೆ ತೆರೆಯದೆ ಹೊರಗಿನಿಂದ ಕಾಂತೀಯ ಸ್ಪಂದನದ ಮೂಲಕ ಚಾಲಕ ತೊಗಟೆಯನ್ನು ಪ್ರಚೋದಿಸುವ ವಿಧಾನವನ್ನು ರೂಪಿಸಿದರು. ಈ ವಿಧಾನದಿಂದ ಅಳೆದಾಗ ಆದೇಶವು ನೆತ್ತಿಯಿಂದ ಅಂಗೈಯ ಸ್ನಾಯುವಿಗೆ ತಲುಪಲು ಸುಮಾರು 20 ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಐವತ್ತನೆಯ ಒಂದು ಭಾಗ ಸಾಕು.

ಹಾನಿಯ ಲಕ್ಷಣಗಳು

ಮೇಲ್ಕಂಡ ಎರಡು ಹಂತಗಳ ಪೈಕಿ ಹಾನಿ ಯಾವ ಹಂತದಲ್ಲಿ ಆಗಿದೆ ಎಂಬುದು ಬಹುಮುಖ್ಯ. ಪೋಲಿಯೋ ವೈರಸ್ಸು ನಾಶಪಡಿಸುತ್ತಿದ್ದುದು ಮುಖ್ಯವಾಗಿ ಎರಡನೆಯ ಹಂತದ ಕೋಶಗಳನ್ನು. ಆದ್ದರಿಂದ ಕಾಲು ಸೊರಗಿ, ಮೆತ್ತಗಾಗಿ, ಜೋತುಬೀಳುತ್ತಿತ್ತು. ಭಾರತದಲ್ಲಿ ವೈಲ್ಡ್ ಪೋಲಿಯೋದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ವರದಿಯಾಗಿದ್ದು, 2014ರ ಮಾರ್ಚ್ 27ರಂದು ದೇಶವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೋಮುಕ್ತವೆಂದು ಘೋಷಿಸಲಾಯಿತು. ಮೊದಲ ಹಂತದ, ಅಂದರೆ ಚಾಲಕ ತೊಗಟೆ ಅಥವಾ ಅದರ ತಂತುಗಳ ಹಾನಿಯಲ್ಲಿ ಚಿತ್ರ ಬೇರೆ. ಆರಂಭದ ದಿನಗಳಲ್ಲಿ ಕೈಕಾಲು ಮೆತ್ತಗಿದ್ದರೂ ಕ್ರಮೇಣ ಬಿಗಿಯಾಗುತ್ತವೆ. ಮೊಣಕೈ ಮಡಿಚಿಕೊಳ್ಳುತ್ತದೆ, ಮುಷ್ಟಿ ಕಟ್ಟಿಕೊಳ್ಳುತ್ತದೆ. ಮೇಲಿನ ನಿಯಂತ್ರಣ ತಪ್ಪಿದ ಕಾರಣ ಪರಾವರ್ತಿತ ಪ್ರತಿಕ್ರಿಯೆಗಳು ತೀವ್ರಗೊಳ್ಳುತ್ತವೆ. ಅಂಗಾಲಿನ ಅಂಚನ್ನು ಗೀರಿದಾಗ ಹೆಬ್ಬೆರಳು ಕೆಳಗೆ ಬಾಗುವ ಬದಲು ಮೇಲಕ್ಕೇಳುತ್ತದೆ. ಪ್ಯಾರಿಸ್ಸಿನ ಬಬಿನ್ಸ್ಕಿ ಅವರು 1896ರಲ್ಲಿ ವರ್ಣಿಸಿದ ಈ ಚಿಹ್ನೆಯನ್ನು ವೈದ್ಯರು ಇಂದಿಗೂ ಅವಲಂಬಿಸುತ್ತಾರೆ. ಎಳೆಯ ಶಿಶುಗಳಲ್ಲಿ ಇದು ಸಹಜ. ಅವರ ತಂತುಗಳ ಬೆಳವಣಿಗೆ ಇನ್ನೂ ಪೂರ್ಣಗೊಂಡಿರುವುದಿಲ್ಲ.

ಕಾಲು ಸೊರಗದೆ ದುಂಡಗಿದೆ, ಮುಟ್ಟಿದರೆ ಗಟ್ಟಿಯಾಗಿದೆ ಎಂಬ ಕಾರಣಕ್ಕೆ ವೈಕಲ್ಯವಿಲ್ಲವೆಂದು ನೋಡುವವರು ತೀರ್ಮಾನಿಸುವುದುಂಟು. ಅದು ತಪ್ಪು. ಆ ಗಟ್ಟಿತನ ಬಲವಲ್ಲ, ಬಿಗಿತ.

ಅನುಮಾನಕ್ಕೆ ಎಡೆಮಾಡುವ ಇನ್ನೂ ಎರಡು ಸಂಗತಿಗಳಿವೆ. ಸ್ವಾಧೀನವಿಲ್ಲದ ಕೈಯನ್ನು ಎತ್ತೆಂದರೆ ಒಂದಿಷ್ಟೂ ಎತ್ತಲಾರದ ರೋಗಿಯು ಆಕಳಿಸುವಾಗ, ಅದೇ ಕೈ ತಾನಾಗಿ ಮೇಲೇಳುವುದನ್ನು ಕೆಲವರಲ್ಲಿ ಕಾಣಬಹುದು. ಹಾಗೆಯೇ, ಹಲ್ಲು ತೋರಿಸೆಂದಾಗ ಒಂದೇ ಬದಿಗೆ ಸೊಟ್ಟಗಾಗುವ ಬಾಯಿಯು, ಮೊಮ್ಮಗುವಿನ ತೊದಲು ಕೇಳಿ ನಗು ಬಂದಾಗ ಎರಡೂ ಬದಿಗೆ ಅರಳುವುದುಂಟು. ಮನೆಯವರು ಇದನ್ನು ಕಂಡು, ಇಷ್ಟು ದಿನ ನಟಿಸುತ್ತಿದ್ದರೆಂದು ತಿಳಿಯುವ ಸಂಭವವಿದೆ. ಆಕಳಿಕೆ ಹಾಗೂ ಸಹಜ ನಗುವಿನ ಮಾರ್ಗಗಳು ಚಾಲಕ ತೊಗಟೆಯ ಮಾರ್ಗದಿಂದ ಭಿನ್ನ. ತೊಗಟೆಯ ಮಾರ್ಗ ಮುಚ್ಚಿದ್ದು ಆ ಹಳೆಯ ಮಾರ್ಗ ತೆರೆದಿದ್ದಲ್ಲಿ ಹೀಗಾಗುತ್ತದೆ. ಇದು ನಟನೆಯ ಗುರುತಲ್ಲ, ಮೆದುಳಿನ ಹಾನಿಯ ಗುರುತು.

ಮುಖದ ವಿಷಯದಲ್ಲಿ ಮತ್ತೊಂದು ಭೇದವನ್ನು ತಿಳಿದಿರಬೇಕು. ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಪಾರ್ಶ್ವಗಳಿಂದ ಆದೇಶ ಬರುತ್ತದೆ; ಮುಖದ ಕೆಳಭಾಗಕ್ಕೆ ಮುಖ್ಯವಾಗಿ ಎದುರು ಪಾರ್ಶ್ವದಿಂದ ಮಾತ್ರ. ಆದುದರಿಂದ ಪಾರ್ಶ್ವವಾಯುವಿನಲ್ಲಿ ಸಾಮಾನ್ಯವಾಗಿ ಬಾಯಿ ಸೊಟ್ಟಗಾದರೂ ಹಣೆಯಲ್ಲಿ ನೆರಿಗೆ ಮೂಡುತ್ತದೆ. ಮುಖದ ನರವೇ ಕೆಟ್ಟಾಗ ಉಂಟಾಗುವ ಬೆಲ್ಸ್ ಪಾಲ್ಸಿಯಲ್ಲಿ ಹಣೆಯೂ ಚಲಿಸುವುದಿಲ್ಲ, ಕಣ್ಣೂ ಮುಚ್ಚುವುದಿಲ್ಲ. ಆದಾಗ್ಯೂ ಈ ಭೇದವನ್ನು ಮನೆಯಲ್ಲಿ ನಿರ್ಣಯಿಸಿ ಸುಮ್ಮನಿರತಕ್ಕದ್ದಲ್ಲ. ಬಾಯಿ ಸೊಟ್ಟಗಾದ ಪ್ರತಿಯೊಬ್ಬರನ್ನೂ ಕೂಡಲೇ ವೈದ್ಯರಿಗೆ ತೋರಿಸುವುದು.

ಪಾರ್ಶ್ವವಾಯು: ಕಾಲಮಿತಿಯ ವಿಷಯ

ಪಾರ್ಶ್ವವಾಯುವು ಮೆದುಳಿನ ರಕ್ತನಾಳ ಮುಚ್ಚಿಕೊಳ್ಳುವುದರಿಂದ ಅಥವಾ ಒಡೆಯುವುದರಿಂದ ಉಂಟಾಗುತ್ತದೆ. ಮೆದುಳಿನ ಪಾರ್ಶ್ವಕ್ಕೆ ರಕ್ತ ಒದಗಿಸುವ ಮಧ್ಯದ ನಾಳ ಮುಚ್ಚಿದಲ್ಲಿ ಕೈ ಮತ್ತು ಮುಖ ಹೆಚ್ಚಾಗಿಯೂ, ಒಳಭಾಗಕ್ಕೆ ಒದಗಿಸುವ ಮುಂದಿನ ನಾಳ ಮುಚ್ಚಿದಲ್ಲಿ ಕಾಲು ಹೆಚ್ಚಾಗಿಯೂ ಬಾಧಿತವಾಗುತ್ತವೆ. ಮೇಲೆ ತಿಳಿಸಿದ ನಕಾಶೆಯನ್ನು ನೋಡಿದಲ್ಲಿ ಇದರ ಕಾರಣ ಸ್ಪಷ್ಟವಾಗುತ್ತದೆ. ದೊಡ್ಡ ನಾಳವೊಂದು ಮುಚ್ಚಿದಾಗ ಚಿಕಿತ್ಸೆಯಿಲ್ಲದ ಪ್ರತಿ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು 2006ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ.

ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ನೀಡಬೇಕಾಗುತ್ತದೆ. ದೊಡ್ಡ ನಾಳದ ಹೆಪ್ಪನ್ನು ತಂತಿಯ ಮೂಲಕ ಹೊರತೆಗೆಯುವ ಚಿಕಿತ್ಸೆಯನ್ನು ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಮಾಡಬಹುದೆಂದು 2018ರಲ್ಲಿ ಪ್ರಕಟವಾದ ಅಧ್ಯಯನಗಳಿಂದ ದೃಢಪಟ್ಟಿದೆ. ನಾಳ ಮುಚ್ಚಿದೆಯೋ ಒಡೆದಿದೆಯೋ ಎಂಬುದು ತಲೆಯ ಸ್ಕ್ಯಾನ್ ಇಲ್ಲದೆ ತಿಳಿಯದ ಕಾರಣ, ರಕ್ತ ತೆಳುವಾಗಿಸುವ ಮಾತ್ರೆಯನ್ನು ಮನೆಯಲ್ಲಿಯೇ ನುಂಗಿಸಬಾರದು. ಮುಖ ಒಂದು ಬದಿಗೆ ಜಾರುವುದು, ಎರಡೂ ಕೈ ಮುಂದೆ ಚಾಚಿದಾಗ ಒಂದು ಕೆಳಗಿಳಿಯುವುದು, ಮಾತು ತೊದಲುವುದು ಇವುಗಳಲ್ಲಿ ಒಂದು ಹಠಾತ್ತನೆ ಕಂಡರೂ 108 ಸಂಖ್ಯೆಗೆ ಕರೆ ಮಾಡಿ, ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಸಾಗಿಸುವುದು. ಲಕ್ಷಣ ಆರಂಭವಾದ ಗಂಟೆಯನ್ನು, ರೋಗಿಯು ಸರಿಯಾಗಿದ್ದುದನ್ನು ಕೊನೆಯ ಬಾರಿ ಕಂಡ ಗಂಟೆಯನ್ನು ಬರೆದಿಟ್ಟುಕೊಳ್ಳುವುದು. ಲಕ್ವಕ್ಕೆ ನಾಟಿ ಔಷಧಿ, ಕೆಲವೆಡೆ ಪಾರಿವಾಳದ ರಕ್ತದ ಲೇಪನ ಎಂದು ಮೊದಲ ದಿನವನ್ನು ಕಳೆದು ಎರಡನೆಯ ದಿನ ಆಸ್ಪತ್ರೆಗೆ ಬರುವವರಿದ್ದಾರೆ. ಕೈಗೆ ಹಚ್ಚಿದ ಯಾವ ಲೇಪವೂ ಮೆದುಳಿನ ನಾಳದೊಳಗಿನ ಹೆಪ್ಪನ್ನು ತಲುಪುವುದಿಲ್ಲ.

ಚೇತರಿಕೆ ಮತ್ತು ತರಬೇತಿ

ನಾಶವಾದ ನರಕೋಶಗಳು ಮರಳಿ ಹುಟ್ಟುವುದಿಲ್ಲ. ಆದರೆ ಉಳಿದ ಕೋಶಗಳು ಹೊಸ ಹೊಣೆಯನ್ನು ವಹಿಸಿಕೊಳ್ಳಬಲ್ಲವು. ಮಂಗಗಳಲ್ಲಿ 1996ರಲ್ಲಿ ಪ್ರಕಟವಾದ ಅಧ್ಯಯನವು, ಹಾನಿಯ ನಂತರ ಕೈಗೆ ನಿಯತವಾಗಿ ತರಬೇತಿ ನೀಡಿದಲ್ಲಿ ಚಾಲಕ ತೊಗಟೆಯಲ್ಲಿ ಉಳಿದಿರುವ ಕೈಯ ಪ್ರದೇಶವು ಕುಗ್ಗದೆ ಉಳಿಯುವುದೆಂದೂ, ಕೆಲವೊಮ್ಮೆ ನೆರೆಯ ಪ್ರದೇಶಕ್ಕೆ ವಿಸ್ತರಿಸುವುದೆಂದೂ ತೋರಿಸಿತು. ಬಾಧಿತ ಕೈಯನ್ನು ಬಳಸದೆ ಬಿಟ್ಟಲ್ಲಿ ಬಳಸದಿರುವುದನ್ನೇ ಮೆದುಳು ಕಲಿಯುತ್ತದೆ. ಈ ತತ್ವದ ಮೇಲೆ ಎಡ್ವರ್ಡ್ ಟಾಬ್ ಅವರು ರೂಪಿಸಿದ ವಿಧಾನದಲ್ಲಿ, ಸ್ವಲ್ಪಮಟ್ಟಿಗಾದರೂ ಚಲನೆ ಉಳಿದಿರುವ ರೋಗಿಗಳ ಒಳ್ಳೆಯ ಕೈಗೆ ಕೈಚೀಲ ತೊಡಿಸಿ, ಬಾಧಿತ ಕೈಯಿಂದಲೇ ದಿನಕ್ಕೆ ಹಲವು ಗಂಟೆ ಕೆಲಸ ಮಾಡಿಸಲಾಗುತ್ತದೆ. ಕನಿಕರದಿಂದ ಎಲ್ಲವನ್ನೂ ತಾವೇ ಮಾಡಿಕೊಡುವ ಮನೆಯವರು ಈ ಅಂಶವನ್ನು ಗಮನಿಸತಕ್ಕದ್ದು.

ಮಕ್ಕಳ ವಿಷಯದಲ್ಲಿ ಪೋಷಕರ ಗಮನಕ್ಕೆ ಒಂದು ಅಂಶ. ಒಂದು ವರ್ಷ ತುಂಬುವುದರೊಳಗೆ ಮಗು ಯಾವಾಗಲೂ ಒಂದೇ ಕೈಯನ್ನು ಚಾಚುತ್ತಿದ್ದು, ಇನ್ನೊಂದು ಕೈಯನ್ನು ಮುಷ್ಟಿ ಕಟ್ಟಿಕೊಂಡಿದ್ದಲ್ಲಿ, ಎಡಚನೆಂದೋ ಬಲಗೈಯವನೆಂದೋ ಸಮಾಧಾನಪಟ್ಟುಕೊಳ್ಳಬಾರದು. ಆ ವಯಸ್ಸಿನಲ್ಲಿ ಕೈಗಳ ಬಳಕೆ ಸಾಮಾನ್ಯವಾಗಿ ಸಮವಾಗಿರುತ್ತದೆ. ಇದು ಒಂದು ಪಾರ್ಶ್ವದ ಸೆರೆಬ್ರಲ್ ಪಾಲ್ಸಿಯ ಮುನ್ಸೂಚನೆ ಇರಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸ್ಥಾಪಿಸಲಾಗಿರುವ ಜಿಲ್ಲಾ ಶೀಘ್ರ ಪತ್ತೆ ಕೇಂದ್ರಗಳಲ್ಲಿ ಇಂತಹ ಮಕ್ಕಳ ತಪಾಸಣೆಗೆ ಅವಕಾಶವಿದೆ. ಎಳೆಯ ಮೆದುಳಿನಲ್ಲಿ ಹೊಂದಾಣಿಕೆಯ ಸಾಮರ್ಥ್ಯ ಹೆಚ್ಚು. ತಡವಾದಷ್ಟೂ ಅದು ತಗ್ಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮೆದುಳಿನ ವಸ್ತುಸಂಗ್ರಹಾಲಯವಿದ್ದು, ವಿವಿಧ ಕಾಯಿಲೆಗಳಿಂದ ಹಾನಿಗೊಂಡ ಮೆದುಳುಗಳನ್ನು ಸಂರಕ್ಷಿಸಿಡಲಾಗಿದೆ. ಹೆಪ್ಪು ಕಟ್ಟಿದ ಒಂದು ಸಣ್ಣ ಭಾಗ ಎಷ್ಟು ಕಿರಿದು, ಅದರಿಂದ ತಪ್ಪುವ ಸ್ವಾಧೀನ ಎಷ್ಟು ಹಿರಿದು ಎಂಬುದು ಅಲ್ಲಿ ಕಣ್ಣಾರೆ ತಿಳಿಯುತ್ತದೆ.

ಪ್ರಮಾಣಪತ್ರದ ಅರ್ಜಿದಾರರ ಗಮನಕ್ಕೆ

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಲಾಗಿದೆ. ಸೆರೆಬ್ರಲ್ ಪಾಲ್ಸಿಯು ಚಲನವಲನ ವೈಕಲ್ಯದಡಿಯಲ್ಲಿಯೂ, ಪಾರ್ಕಿನ್ಸನ್ ಕಾಯಿಲೆ ಹಾಗೂ ಮಲ್ಟಿಪಲ್ ಸ್ಕ್ಲೆರೋಸಿಸ್ ದೀರ್ಘಕಾಲಿಕ ನರಸಂಬಂಧಿ ಸ್ಥಿತಿಗಳಡಿಯಲ್ಲಿಯೂ ಬರುತ್ತವೆ. ಪಾರ್ಶ್ವವಾಯು ಪ್ರತ್ಯೇಕ ಹೆಸರಿನಲ್ಲಿ ಇಲ್ಲದಿದ್ದರೂ ಅದರಿಂದ ಉಂಟಾಗುವ ಚಲನೆಯ ನ್ಯೂನತೆಯನ್ನು ಚಲನವಲನ ವೈಕಲ್ಯವೆಂದು ಮೌಲ್ಯಮಾಪನ ಮಾಡಲಾಗುತ್ತದೆ. ಪಟ್ಟಿಯಲ್ಲಿ ಕಾಯಿಲೆಯ ಹೆಸರಿಲ್ಲವೆಂದು ಅರ್ಜಿ ಸಲ್ಲಿಸದೆ ಹಿಂದಿರುಗುವ ಅಗತ್ಯವಿಲ್ಲ.

ಮೌಲ್ಯಮಾಪನವು ಕಾಯಿಲೆಯದಲ್ಲ, ಕಾಯಿಲೆಯ ಪರಿಣಾಮದ್ದು ಎಂಬ ತತ್ವವನ್ನು ಕೇಂದ್ರ ಸರ್ಕಾರದ 2001ರ ಮಾರ್ಗಸೂಚಿಯಲ್ಲಿಯೇ ತಿಳಿಸಲಾಗಿತ್ತು. ನರಸಂಬಂಧಿ ಸ್ಥಿತಿಗಳ ಮೌಲ್ಯಮಾಪನವನ್ನು ಸಾಮಾನ್ಯವಾಗಿ ಕಾಯಿಲೆ ಕಾಣಿಸಿಕೊಂಡ ಆರು ತಿಂಗಳ ನಂತರ ಮಾಡತಕ್ಕದ್ದೆಂದೂ, ನಿಖರವಾದ ಅವಧಿಯನ್ನು ವೈದ್ಯರು ನಿರ್ಧರಿಸತಕ್ಕದ್ದೆಂದೂ ಅದರಲ್ಲಿ ಹೇಳಲಾಗಿತ್ತು. ಆ ಮಾರ್ಗಸೂಚಿಯ ಸ್ಥಾನದಲ್ಲಿ 2018ರ ಜನವರಿಯಲ್ಲಿ ಹೊಸದನ್ನು ಹೊರಡಿಸಿ, 2024ರಲ್ಲಿ ಪರಿಷ್ಕರಿಸಲಾಗಿದೆ. ಪಾರ್ಶ್ವವಾಯುವಾದ ಮೊದಲ ವಾರಗಳಲ್ಲಿಯೇ ಅರ್ಜಿ ಸಲ್ಲಿಸಿದವರಿಗೆ ನಂತರ ಬರುವಂತೆ ವೈದ್ಯಕೀಯ ಪ್ರಾಧಿಕಾರವು ಸೂಚಿಸಿದಲ್ಲಿ ಅದನ್ನು ನಿರಾಕರಣೆಯೆಂದು ಭಾವಿಸಬಾರದು. ಚೇತರಿಕೆಯ ಬಹುಭಾಗವು ಮೊದಲ ಕೆಲವು ತಿಂಗಳುಗಳಲ್ಲಿ ನಡೆಯುವುದರಿಂದ, ಅದಕ್ಕೆ ಮೊದಲು ಅಳೆದ ಶೇಕಡಾವಾರು ಸ್ಥಿರವಾಗಿರುವುದಿಲ್ಲ. ಆ ತಿಂಗಳುಗಳನ್ನು ಫಿಸಿಯೋಥೆರಪಿಗೆ ಬಳಸಿಕೊಳ್ಳುವುದು ಸೂಕ್ತ.

ಅರ್ಜಿಯನ್ನು ಯುಡಿಐಡಿ ಜಾಲತಾಣದ ಮೂಲಕ ಸಲ್ಲಿಸಬೇಕಾಗಿದ್ದು, ತಪಾಸಣೆಗೆ ಹಾಜರಾಗುವಾಗ ಆಸ್ಪತ್ರೆಯ ಬಿಡುಗಡೆ ಪತ್ರ, ಸ್ಕ್ಯಾನ್ ವರದಿ ಹಾಗೂ ಫಿಸಿಯೋಥೆರಪಿಯ ದಾಖಲೆಗಳನ್ನು ಒಯ್ಯುವುದು ಉಪಯುಕ್ತ. ಮಾತು ನಿಂತಿರುವವರೊಂದಿಗೆ ಕಾಯಿಲೆಯ ಪೂರ್ವಾಪರ ಬಲ್ಲವರೊಬ್ಬರು ಇರತಕ್ಕದ್ದು. ಕೈ ಯಾವ ದಿನಗಳಲ್ಲಿ ಹೆಚ್ಚು ಬಿಗಿಯುತ್ತದೆ, ಸ್ನಾನ, ಊಟ, ಬಟ್ಟೆ ತೊಡುವುದರಲ್ಲಿ ಯಾವುದಕ್ಕೆ ನೆರವು ಬೇಕು ಎಂಬುದನ್ನು ವೈದ್ಯರಿಗೆ ಇದ್ದುದು ಇದ್ದಂತೆ ತಿಳಿಸುವುದು. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವನ್ನು ಅಧಿನಿಯಮದಲ್ಲಿ ಗೊತ್ತುಪಡಿಸಿದ ವೈಕಲ್ಯವೆಂದು ಪರಿಗಣಿಸಲಾಗುತ್ತದೆ. ಸ್ಥಿತಿಯಲ್ಲಿ ಬದಲಾವಣೆಯ ಸಂಭವವಿದ್ದಲ್ಲಿ ಪ್ರಮಾಣಪತ್ರವನ್ನು ನಿಗದಿತ ಅವಧಿಗೆ ಮಾತ್ರ ನೀಡಲಾಗುವುದು. ಅವಧಿ ಮುಗಿಯುವ ಮೊದಲು ಮರುಮೌಲ್ಯಮಾಪನಕ್ಕೆ ಅರ್ಜಿ ಸಲ್ಲಿಸುವುದು. ಪ್ರಾಧಿಕಾರದ ತೀರ್ಮಾನದಿಂದ ಬಾಧಿತರಾದವರು ಅಧಿನಿಯಮದ 59ನೇ ಪ್ರಕರಣದಂತೆ ರಾಜ್ಯ ಸರ್ಕಾರವು ಗೊತ್ತುಪಡಿಸಿರುವ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದಾಗಿದೆ.